ಅಜ್ಜಿ ಊರಿಗೆ ಹೋದಳು ಎಂದು ಬರೆದದ್ದು

ಶ್ರೀರಂಗಪಟ್ಟಣದ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಾನು ಗುಮಾಸ್ತೆ. ಮನೆ ಪಾಂಡವಪುರದಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಏಳರವರೆಗೆ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತೇನೆ. ಆಮೇಲೆ ಬಸ್ಸು ಹಿಡಿದು ಕಚೇರಿಗೆ ಹೋಗಿ, ಯಾರದೋ ತಾತನ ಹೆಸರಿನಲ್ಲಿರುವ ಪಹಣಿಯನ್ನು ಧೂಳು ಕೊಡವಿ ಹುಡುಕಿಕೊಡುತ್ತೇನೆ. ನನ್ನ ಮೂರು ಕಾದಂಬರಿಗಳೂ ಹೀಗೆಯೇ, ದಿನಕ್ಕೆರಡು ಪುಟದಂತೆ ಬೆಳೆದವು. ಓದಿದವರು ಬಹಳ ಮಂದಿಯಿಲ್ಲ. ಓದಿದವರಲ್ಲಿ ಅರ್ಧ ಜನ ನನ್ನ ನೆಂಟರು.

ನಮ್ಮನೆಯವರದು ಟ್ರಾಕ್ಟರು ರಿಪೇರಿಯ ಶೆಡ್ಡು. ಅವರು ಪುಸ್ತಕ ಓದುವವರಲ್ಲ, ಆದರೆ ಚೆನ್ನಾಗಿ ಕೇಳುತ್ತಾರೆ. ಆರು ಗಂಟೆಗೆ ಎದ್ದು ಕಾಫಿಗೆ ಹಾಲಿಟ್ಟರೆ, ನಾನು ಹಿಂದಿನ ದಿನದ ಪುಟಗಳನ್ನು ಓದಬೇಕು. ಅವರ ವಿಮರ್ಶೆಯಲ್ಲಿ ಎರಡೇ ಮಾತು. ಒಂದು, "ಊಂ, ಆಮ್ಯಾಕೆ?" ಇನ್ನೊಂದು, "ಅಲ್ಲಿ ಸಿಕ್ಕಾಕ್ಕೊಂಡದೆ ನೋಡು." ಎರಡನೆಯದನ್ನು ಹೇಳಿದರೆ ನಾನು ಸಿಟ್ಟು ಮಾಡಿಕೊಂಡು ಬಸ್ಸು ಹತ್ತುತ್ತೇನೆ. ಬಸ್ಸು ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಅವರು ಹೇಳಿದ್ದು ಸರಿ ಎಂದು ಗೊತ್ತಾಗಿರುತ್ತದೆ.

ಮಕ್ಕಳಿಗಾಗಿ ಬರೆಯುವ ಯೋಚನೆ ನನ್ನದಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳು ಕೆ.ಆರ್. ಪೇಟೆಯಲ್ಲಿದ್ದಾಳೆ. ಅಕ್ಕಿಹೆಬ್ಬಾಳಿನ ಕಡೆಯ ಒಂದು ಶಾಲೆಯಲ್ಲಿ ಮೇಷ್ಟರ ಕೆಲಸ. ಒಂದು ಮದುವೆಯ ಮನೆಯಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು, "ನಿನ್ನ ಪುಸ್ತಕ ನನ್ನ ಮಕ್ಕಳಿಗೆ ಕೊಡೋಕಾಗಲ್ಲ ಕಣೆ. ಬರೀ ಗಂಡ ಹೆಂಡಿರ ಜಗಳ. ನಮ್ಮ ಲೈಬ್ರರಿಯಲ್ಲಿ ರಾಜ, ಮಂತ್ರಿ, ನರಿ, ಮೊಲ ಬಿಟ್ಟರೆ ಇನ್ನೇನಿಲ್ಲ. ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಮೊಲದ ಕತೆ ಎಷ್ಟು ಅಂತ ಓದ್ತಾವೆ? ಒಂದು ಬರಿ," ಎಂದಳು. ಹೋಳಿಗೆಯ ಎಲೆಯ ಮುಂದೆ ಕೂತು ಒಪ್ಪಿಕೊಂಡುಬಿಟ್ಟೆ.

ಬರೆಯಲು ಕೂತಾಗ ಸುಲಭವೆನಿಸಿತು. ಹೇಮಾವತಿಯ ದಡದ ಊರು. ಹನ್ನೊಂದು ವರ್ಷದ ಹುಡುಗಿ, ಅವಳ ಅಜ್ಜಿ, ಒಂದು ತುಂಟ ಮೇಕೆ. ಮೇಕೆ ಹೊಳೆಯಾಚೆಯ ಊರಿಗೆ ತಪ್ಪಿಸಿಕೊಂಡು ಹೋಗುತ್ತದೆ, ಹುಡುಗಿ ಹುಡುಕಿಕೊಂಡು ಹೊರಡುತ್ತಾಳೆ. ಅಜ್ಜಿಗೆ ಆ ಮಳೆಗಾಲದಲ್ಲಿ ಆರೋಗ್ಯ ಕೆಡುತ್ತದೆ. ಮೇಕೆ ಸಿಗುತ್ತದೆ, ಅಜ್ಜಿ ಉಳಿಯುವುದಿಲ್ಲ. ಏಳು ತಿಂಗಳಲ್ಲಿ ಮುಗಿಸಿದೆ. ಕೊನೆಯ ಅಧ್ಯಾಯ ಓದಿದ ದಿನ ನಮ್ಮನೆಯವರು ಒಲೆಯ ಕಡೆ ನೋಡುವುದನ್ನೇ ಮರೆತರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.

ಮೈಸೂರಿನ ಪ್ರಕಾಶಕರು ಒಳ್ಳೆಯ ಮನುಷ್ಯರು. ವಯಸ್ಸಾದವರು, ಮಾತು ಮೆತ್ತಗೆ. ಹಸ್ತಪ್ರತಿ ಓದಿ ಫೋನು ಮಾಡಿದರು. "ಮೇಕೆ ಬಹಳ ಚೆನ್ನಾಗಿದೆ ಮೇಡಂ. ಆದರೆ ಮಕ್ಕಳ ಪುಸ್ತಕದಲ್ಲಿ ಸಾವು ಬೇಡ. ಎಳೆ ಮನಸ್ಸು. ಅಜ್ಜೀನ ಎಲ್ಲಿಗಾದರೂ ಕಳಿಸಿಬಿಡಿ."

ನಾನು ಹತ್ತು ನಿಮಿಷವೂ ವಾದ ಮಾಡಲಿಲ್ಲ. ಪುಸ್ತಕ ಬಂದರೆ ಸಾಕಿತ್ತು. ಎರಡೇ ಬೆಳಿಗ್ಗೆಯಲ್ಲಿ ಕೊನೆಯನ್ನು ತಿದ್ದಿದೆ. ಅಜ್ಜಿ ತನ್ನ ಇನ್ನೊಬ್ಬ ಮಗನ ಮನೆಗೆಂದು ನಾಗಮಂಗಲಕ್ಕೆ ಹೋದಳು. ಹುಡುಗಿ ಮೇಕೆಯ ಹಗ್ಗ ಹಿಡಿದು ನಗುತ್ತ ನಿಂತಳು. ಮುಗಿಯಿತು.

ಅಚ್ಚಿಗೆ ಹೋಗುವ ಮುಂಚೆ ಗೆಳತಿ ಪಟ್ಟು ಹಿಡಿದಳು. "ಮೊದಲು ನಮ್ಮ ಮಕ್ಕಳಿಗೆ ಓದು." ನನಗೆ ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜೆ, ಅವರಿಗೆ ಶನಿವಾರ ಬೆಳಗಿನ ಶಾಲೆ. ಪಾಂಡವಪುರದಿಂದ ಕತ್ತಲಿರುವಾಗಲೇ ಹೊರಟು ಕೆ.ಆರ್. ಪೇಟೆಯಲ್ಲಿ ಇಳಿದರೆ, ಅಲ್ಲಿಂದ ಅವಳ ಸ್ಕೂಟರಿನ ಹಿಂದೆ ಕೂತು ಹೋಗುವುದು. ಅವಳು ಸ್ಕೂಟರು ಓಡಿಸುತ್ತ ಹಿಂದೆ ತಿರುಗಿ ಮಾತಾಡುತ್ತಾಳೆ. ಆ ದಾರಿಯುದ್ದಕ್ಕೂ ನಾನು "ಮುಂದೆ ನೋಡೇ" ಎಂದಿದ್ದೇ ಹೆಚ್ಚು.

ಇಪ್ಪತ್ತೆರಡು ಮಕ್ಕಳು ಜಮಖಾನದ ಮೇಲೆ ಕೂತಿದ್ದರು. ಮೂರು ಅಧ್ಯಾಯ ಓದಿ, ಹೊಗಳಿಕೆಗೆ ಕಾಯುತ್ತ ಕನ್ನಡಕ ತೆಗೆದೆ.

"ಮೇಡಂ, ಈ ಉಡುಗಿ ಏನೂ ಉಣ್ಣಲ್ವಾ?" ಅಂದಿತು ಮುಂದಿನ ಸಾಲು.

"ಯಾಕೆ?"

"ಬೆಳಗ್ಗಿಂದ ಮೇಕೆ ಉಡುಕ್ತಾವ್ಳೆ, ಸಂಜೆ ಆದ್ರೂವೆ ಒಂದು ತುತ್ತು ಉಂಡಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಕೈಗಳು ಏಳತೊಡಗಿದವು. ತೆಪ್ಪವನ್ನು ನಾನು ದಡದಿಂದ ನೇರ ಎದುರು ದಡಕ್ಕೆ ಹಾಯಿಸಿಬಿಟ್ಟಿದ್ದೆ. "ಅಂಗೆ ಓಗಲ್ಲ ಮೇಡಂ. ಮೊದ್ಲು ತೆಪ್ಪಾನ ದಡದಲ್ಲೇ ಮೇಲಕ್ಕೆ ಎಳ್ಕೊಂಡೋಗ್ಬೇಕು, ಆಮ್ಯಾಲೆ ನೀರಿಗೆ ಬುಡ್ಬೇಕು. ನೀರು ಕೆಳಿಕ್ಕೆ ತಳ್ಳಿಕೊಂಡು ಓಯ್ತದೆ ಅಲ್ವಾ?" ಎಂದು ಒಬ್ಬಳು ಎದ್ದು ಬಂದು ಕಪ್ಪು ಹಲಗೆಯ ಮೇಲೆ ಹೊಳೆ ಬರೆದು ತೋರಿಸಿದಳು. ನನ್ನ ತವರು ನಾಗಮಂಗಲದ ಕಡೆಯ ಒಣ ಊರು. ನನಗೆ ಗೊತ್ತಿದ್ದ ನೀರೆಂದರೆ ಕಟ್ಟೆಯ ನೀರು, ಅದು ನಿಂತಲ್ಲೇ ನಿಂತಿರುತ್ತದೆ. ಹೊಳೆಯ ಮಕ್ಕಳ ಮುಂದೆ ಹೊಳೆಯ ಕತೆ ಓದಲು ಬಂದಿದ್ದೆ.

ನಾನು ಅಷ್ಟನ್ನೂ ಗುರುತು ಹಾಕಿಕೊಂಡು ಮನೆಗೆ ಬಂದೆ. ವಿಮರ್ಶಕರು ನನ್ನ ಬಗ್ಗೆ ಬರೆದ ನಾಲ್ಕು ಸಾಲುಗಳಿಗಿಂತ ಆ ಪಟ್ಟಿ ಉದ್ದವಾಗಿತ್ತು. ಹೀಗೆ ರಜೆಯ ಶನಿವಾರಗಳಂದು ಹೋಗಿ ಓದಿ ಬರುತ್ತಿದ್ದ ಆ ಎರಡು ತಿಂಗಳು ಬಹಳ ಖುಷಿಯ ದಿನಗಳು. ಕಚೇರಿಯಲ್ಲಿ ಕಡತ ಹುಡುಕುವಾಗಲೂ ಯಾವ ಮಗು ಏನನ್ನುತ್ತದೋ ಎಂದು ಯೋಚಿಸುತ್ತಿದ್ದೆ. ಹುಡುಗಿಯ ಬಾಯಿಗೆ ಎರಡು ರೊಟ್ಟಿ, ಉಚ್ಚೆಳ್ಳಿನ ಚಟ್ನಿ ಬಿತ್ತು. ತೆಪ್ಪ ಸರಿಯಾಗಿ ದಾಟಿತು.

ನಾಲ್ಕನೆಯ ಸಲ ಹೋದ ಶನಿವಾರ ಕೊನೆಯ ಅಧ್ಯಾಯ. ಅಜ್ಜಿ ನಾಗಮಂಗಲಕ್ಕೆ ಹೋದಳು, ಹುಡುಗಿ ನಕ್ಕಳು. ಮಕ್ಕಳು ಚಪ್ಪಾಳೆ ತಟ್ಟಿದರು. ಗೆಳತಿ ಬಿಸ್ಕತ್ತಿನ ಪೊಟ್ಟಣ ಒಡೆದಳು. ಆಗ ಕಿಟಕಿಯ ಕೆಳಗೆ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಎರಡು ಜಡೆ, ಸಣ್ಣ ಮುಖ. ಅಷ್ಟು ದಿನದಲ್ಲಿ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

"ಅಜ್ಜಿ ಎಲೆಅಡಿಕೆ ಚೀಲ ಮನೇಲೇ ಐತಲ್ಲ ಮೇಡಂ?"

ನನಗೆ ಅರ್ಥವಾಗಲಿಲ್ಲ. ಪುಟ ತಿರುಗಿಸಿ ನೋಡಿದೆ. ಮೊದಲು ಬರೆದಾಗ, ಅಜ್ಜಿ ಸತ್ತ ಮೇಲೆ ಅವಳ ಎಲೆಅಡಿಕೆ ಚೀಲ ಗೂಟದಲ್ಲಿ ನೇತಾಡುತ್ತಿತ್ತು ಎಂದು ಬರೆದಿದ್ದೆ. ಕೊನೆಯನ್ನು ತಿದ್ದುವಾಗ ಆ ಒಂದು ಸಾಲನ್ನು ತೆಗೆಯಲು ಮರೆತಿದ್ದೆ.

"ಅದನ್ನ ಮರೆತು ಹೋದಳು ಮಗ," ಎಂದೆ.

"ಎಲೆಅಡಿಕೆ ಚೀಲ ಬುಟ್ಟು ಯಾವ ಅಜ್ಜೀನೂ ಊರಿಗೋಗಲ್ಲ." ಅವಳು ದನಿ ಏರಿಸಲಿಲ್ಲ. "ಅಜ್ಜಿ ಸತ್ತೋಗವ್ಳೆ. ನೀವು ಯೋಳ್ತಿಲ್ಲ ಅಷ್ಟೆ. ನಂಗೂ ಇಂಗೇ ಊರಿಗೋಗವ್ಳೆ ಅಂದಿದ್ರು."

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು ಕಣವ್ವ, ಸತ್ತೋಗಿದ್ದಾಳೆ. ನಾನು ಮುಚ್ಚಿಟ್ಟೆ," ಎಂದೆ. ಅವಳು ತಲೆಯಾಡಿಸಿ ಕೂತಳು. ಕೂತು ಬಿಸ್ಕತ್ತು ತಿಂದಳು.

ವಾಪಸು ಬರುವಾಗ ಗೆಳತಿ ಒಂದು ಮರದ ಕೆಳಗೆ ಸ್ಕೂಟರು ನಿಲ್ಲಿಸಿ ವಿಷಯ ಹೇಳಿದಳು. ಹಿಂದಿನ ವರ್ಷ ಆ ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಾಗ ಮಗುವನ್ನು ಸಂತೆಬಾಚಹಳ್ಳಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಎಲ್ಲ ಮುಗಿದ ಮೇಲೆ ಕರೆತಂದರು. ಅಜ್ಜಿ ಎಲ್ಲಿ ಎಂದರೆ ಊರಿಗೆ ಹೋಗಿದ್ದಾಳೆ ಎಂದರು. ಬೀದಿಯಲ್ಲಿ ಯಾರೋ ಬಾಯ್ತಪ್ಪಿ ಆಡುವವರೆಗೆ ಅವಳು ಕಾಯುತ್ತಲೇ ಇದ್ದಳಂತೆ. ಹುಡುಗಿಯ ತಾಯಿ ಕೆಟ್ಟವಳೇನಲ್ಲ, ಮಗುವಿಗೆ ನೋವಾಗಬಾರದು ಎಂದುಕೊಂಡಳು ಅಷ್ಟೆ. ನನ್ನ ಪ್ರಕಾಶಕರೂ ಅಷ್ಟೇ ಅಂದುಕೊಂಡಿದ್ದರು. ನಾನು ಅಷ್ಟನ್ನೂ ಅಂದುಕೊಂಡಿರಲಿಲ್ಲ. ನನಗೆ ಪುಸ್ತಕ ಬೇಕಿತ್ತು. ಬಸ್ಸಿನಲ್ಲಿ ಇದನ್ನು ನೆನೆದು ಬಹಳ ನಾಚಿಕೆಯಾಯಿತು.

ಮನೆಗೆ ಬಂದು ಶೆಡ್ಡಿನಲ್ಲೇ ನಮ್ಮನೆಯವರಿಗೆ ಹೇಳಿದೆ. ಅವರು ಟ್ರಾಕ್ಟರಿನ ಕೆಳಗೆ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು.

"ಆ ಮಗು ಹಿಡಿದ ತಪ್ಪು ನನ್ನ ಕಣ್ಣಿಗೆ ಬೀಳಲೇ ಇಲ್ಲ ರೀ," ಎಂದೆ.

"ತಪ್ಪು ಎಲ್ಲಿ ಬಂತು? ಆ ಚೀಲ ತಗ್ಯಕ್ಕೆ ನಿಂಗೇ ಮನಸ್ಸಾಗಿಲ್ಲ ಕಣೆ," ಎಂದಿತು ಟ್ರಾಕ್ಟರಿನ ಕೆಳಗಿನ ದನಿ. "ನಟ್ಟು ಬಿಚ್ಚೋ ಪಾನ ಕೊಡು ಇತ್ಲಾಗೆ, ಹದಿನಾರು ನಂಬರ್ದು."

ಹಳೆಯ ಕೊನೆ ಹಾಗೇ ಇತ್ತು, ಅದನ್ನೇ ಸೇರಿಸಬಹುದಿತ್ತು. ತೆಗೆದು ಓದಿದರೆ ಅದೂ ಸರಿಯೆನಿಸಲಿಲ್ಲ. ಅಲ್ಲಿ ಅಜ್ಜಿ ಒಂದು ವಾಕ್ಯದಲ್ಲಿ ಸಾಯುತ್ತಿದ್ದಳು, ಮುಂದಿನ ವಾಕ್ಯದಲ್ಲಿ ಮಳೆ ನಿಲ್ಲುತ್ತಿತ್ತು. ನಾನೂ ಓಡಿ ದಾಟಿಬಿಟ್ಟಿದ್ದೆ. ಮುಂದಿನ ರಜೆಯ ಶನಿವಾರ ಮತ್ತೆ ಹೋದೆ. ಶಾಲೆಯ ಜಗಲಿಯ ಮೇಲೆ ಆ ಹುಡುಗಿಯ ಪಕ್ಕ ಕೂತು, "ಕೊನೇದು ಮತ್ತೆ ಬರೀತೀನಿ. ಹೇಗೆ ಬರೀಲಿ ಹೇಳು," ಎಂದೆ.

ಅವಳು ಜಡೆಯ ತುದಿ ಕಚ್ಚಿಕೊಂಡಳು.

"ಆವತ್ತು ಏನೇನಾಯ್ತು ಅಂತ ಬರೀರಿ. ಯಾರ್‍ಯಾರು ಬಂದ್ರು, ಎಲ್ಲಿ ಕುಂತ್ಕಂಡ್ರು, ಏನು ಮಾಡುದ್ರು. ನಾನು ನೋಡ್ನಿಲ್ಲ."

"ದುಃಖ ಆಗಲ್ವಾ?"

"ಆಯ್ತದೆ. ಆದ್ರೂ ಬರೀರಿ."

ನನ್ನ ಸ್ವಂತ ಅಜ್ಜಿ ತೀರಿಕೊಂಡಾಗ ನನಗೆ ಹತ್ತು ವರ್ಷ. ನಮ್ಮಪ್ಪ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ಕಳಿಸಲು ಪುರಸೊತ್ತೂ ಇರಲಿಲ್ಲ. ಆ ದಿನವಿಡೀ ನಾನು ಅಜ್ಜಿಯ ಕಾಲ ಬಳಿ ಕೂತಿದ್ದೆ. ಪಕ್ಕದ ಮನೆಯಾಕೆ ಬಂದು ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟಳು. ಅಜ್ಜಿಯ ಬೆಳ್ಳಿಯ ಕಾಲುಂಗುರ ಬೆರಳಿಗೆ ಬಿಗಿದು ಬರಲೊಲ್ಲದು, ಸೋಪು ಹಚ್ಚಿ ತೆಗೆದರು. ಅತ್ತೆಯೊಬ್ಬಳು ಗೋಳಾಡುತ್ತ ಬಂದವಳು, ನಡುವೆ ಅಳು ನಿಲ್ಲಿಸಿ "ಮಗ ಏನಾದ್ರೂ ತಿಂತಾ?" ಎಂದು ನನ್ನ ಬಗ್ಗೆ ಕೇಳಿ, ಮತ್ತೆ ಅಳಲು ಶುರುಮಾಡಿದಳು. ನಡುವೆ ಒಮ್ಮೆ ಮಾತ್ರ ಎಬ್ಬಿಸಿ, ಇನ್ನೊಬ್ಬರ ಮನೆಯಲ್ಲಿ ನನ್ನನ್ನು ಕೂರಿಸಿ ಮೊಸರನ್ನ ಉಣ್ಣಿಸಿದರು. ಅಷ್ಟು ರುಚಿಯಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ. ಅಜ್ಜಿ ಸತ್ತ ದಿನ ಅನ್ನ ರುಚಿಯಾಯಿತಲ್ಲ ಎಂದು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಅದನ್ನೂ ಕತೆಯ ಹುಡುಗಿಯದಾಗಿ ಬರೆದೆ. ಆ ಅಧ್ಯಾಯಕ್ಕೆ ಒಂಬತ್ತು ಬೆಳಿಗ್ಗೆ ಹಿಡಿಯಿತು.

ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಲು ಧೈರ್ಯವಾಗಲಿಲ್ಲ. ಒಂದು ದಿನ ರಜೆ ಹಾಕಿ ಮೈಸೂರಿಗೆ ಹೋದೆ. ಅವರ ಮೇಜಿನ ಎದುರು ಕೂತು ಇಡೀ ಅಧ್ಯಾಯವನ್ನು ನಾನೇ ಓದಿದೆ. ಮೊಸರನ್ನದ ಭಾಗ ಬಂದಾಗ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

"ನಮ್ಮ ತಾಯಿ ಹೋದಾಗ ನನಗೆ ಎಂಟು ವರ್ಷ," ಎಂದರು. "ಆವತ್ತು ನನ್ನನ್ನ ಸರ್ಕಸ್ಸಿಗೆ ಕಳಿಸಿದ್ದರು."

ಹೊರಡುವಾಗ ಬಾಗಿಲವರೆಗೆ ಬಂದು, "ಹಾಗೇ ಇರಲಿ ಮೇಡಂ. ಒಂದು ಅಕ್ಷರ ಬದಲಾಯಿಸಬೇಡಿ," ಎಂದರು.

ಪುಸ್ತಕ ಬಂದಿತು. ಕೆಲವು ಶಾಲೆಗಳು ತೆಗೆದುಕೊಂಡವು, ಕೆಲವು ಬೇಡವೆಂದವು. ಮಕ್ಕಳಿಗೆ ಇಂಥದ್ದನ್ನು ಓದಿಸುತ್ತೀರಾ ಎಂದು ಒಬ್ಬರು ಕಾರ್ಡು ಬರೆದರು. ಅವರಿಗೆ ಉತ್ತರ ಬರೆದೆ, ಕೋಪದಿಂದಲ್ಲ. ನಾನೇ ಅವರ ಕಡೆ ನಿಂತಿದ್ದು ಇನ್ನೂ ನೆನಪಿತ್ತು.

ಅಕ್ಕಿಹೆಬ್ಬಾಳಿನ ಕಡೆಯ ಆ ಶಾಲೆಗೆ ಪುಸ್ತಕಗಳ ಕಟ್ಟು ಹೊತ್ತು ನಾನೇ ಹೋದೆ. ಹುಡುಗಿ ಅಷ್ಟರಲ್ಲಿ ಹೈಸ್ಕೂಲಿಗೆ ಸೇರಿದ್ದಳು, ಅವಳ ಪ್ರತಿಯನ್ನು ಮನೆಗೆ ಮುಟ್ಟಿಸಲು ಗೆಳತಿಗೆ ಕೊಟ್ಟುಬಂದೆ. ಅವಳಿಂದ ಏನೂ ಸುದ್ದಿಯಿಲ್ಲ. ಒಂದೆರಡು ತಿಂಗಳಾದ ಮೇಲೆ ಗೆಳತಿಯ ಶಾಲೆಗೆಂದು ಆ ಕಡೆ ಹೋಗಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ನನ್ನ ಬಳಿ ಒಬ್ಬ ಹೆಂಗಸು ಬಂದಳು. ಗದ್ದೆಯಿಂದ ನೇರ ಬಂದಿದ್ದಳು, ಸೀರೆಯ ಅಂಚು ಒದ್ದೆ. "ಪುಸ್ತಕ ಬರ್ದೋರು ನೀವೇ ಅಲ್ವಾ?" ಎಂದು ಕೇಳಿ, ಆ ಹುಡುಗಿಯ ತಾಯಿ ತಾನೆಂದು ಹೇಳಿದಳು.

ಬೈಯುತ್ತಾಳೆ ಎಂದುಕೊಂಡೆ. ಎದ್ದು ನಿಂತೆ.

"ಕುಂತ್ಕಳಿ, ಕುಂತ್ಕಳಿ," ಎಂದು ಅವಳೂ ಪಕ್ಕದಲ್ಲಿ ಕೂತಳು. "ನಂಗೆ ಓದಕ್ಕೆ ಬರಕಿಲ್ಲ ಕಣಕ್ಕ. ಅವ್ಳೇ ಓದಿ ಯೋಳುದ್ಲು, ದಿನಾ ಒಂದೀಟೀಟು. ಕೊನೇದು ಓದ್ಬುಟ್ಟು ಪುಸ್ತಕ ಮಡುಗಿ, 'ಅವ್ವಾ, ನಮ್ಮಜ್ಜಿಗೆ ಆವತ್ತು ಏನಾಯ್ತು?' ಅಂದ್ಲು. ನಂಗೆ ಎದೆ ಒಡ್ದೋಯ್ತು. ಇನ್ನೇನು ಮಾಡಾದು, ಯೋಳ್ದೆ. ಕಳೆ ಕೀಳಕ್ಕೂ ಓಗ್ನಿಲ್ಲ ಆವತ್ತು. ಯಾರ್‍ಯಾರು ಬಂದ್ರು, ಯಂಗೆ ಮಲಗ್ಸಿದ್ದೋ, ಅಜ್ಜಿ ಕೊನೇಗೆ ನಿನ್ನ ಯೆಸ್ರೇ ಕೂಗ್ತು ಮಗ ಅಂತ, ಎಲ್ಲಾನೂವೆ ಯೋಳ್ದೆ. ಇಬ್ರೂ ಕುಂತ್ಕಂಡು ಅತ್ತೋ. ನಾನೂ ಅತ್ತಿರ್ನಿಲ್ಲ ಕಣಕ್ಕ ಅಲ್ಲೀಗಂಟ. ಕೆಲ್ಸದಲ್ಲಿ ಅಂಗೇ ಓಯ್ತು."

"ಅಜ್ಜಿ ಅವಳ ಹೆಸರು ಕೂಗಿದ್ದು ನಿಜಾನಾ?" ಎಂದು ಕೇಳಿಬಿಟ್ಟೆ. ಕತೆ ಬರೆಯುವವರಿಗೆ ಇಂಥ ಕೆಟ್ಟ ಅಭ್ಯಾಸ.

"ನಿಜ ಕಣಕ್ಕ. ಸುಳ್ಳು ಯಾಕೆ ಯೋಳ್ಲಿ? ಅದುನ್ನೇ ನಾನು ಯಾರ್ಗೂ ಯೋಳ್ದೆ ಮಡೀಕಂಡಿದ್ದು."

ಅವಳ ಒರಟು ಕೈಯನ್ನು ಹಿಡಿದುಕೊಂಡೆ. ಅವಳೂ ಬಿಡಿಸಿಕೊಳ್ಳಲಿಲ್ಲ. ಬಸ್ಸು ಬರುವ ತನಕ ಹಾಗೇ ಕೂತಿದ್ದೆವು. ಮಗಳು ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಹಿಂದೆ ಎಂದು ಅವಳೂ, ನಾನೂ ಹಿಂದೆಯೇ ಇದ್ದೆ ಎಂದು ನಾನೂ ಹೇಳಿಕೊಂಡೆವು.

ಬಸ್ಸು ಬಂದಾಗ ನನಗಿಂತ ಮೊದಲು ಅವಳೇ ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿದ್ದವರನ್ನು ಸರಿಸಿ ಜಾಗ ಮಾಡಿಸಿದಳು. ಇಳಿಯುವಾಗ ಕಂಡಕ್ಟರಿಗೆ ಗಟ್ಟಿಯಾಗಿ ಹೇಳಿದಳು. "ನಮ್ಮೋರು ಕಣಪ್ಪ. ಪ್ಯಾಟೇಲಿ ಜ್ವಾಪಾನವಾಗಿ ಇಳಿಸ್ಬುಡು."