ಕ್ಲಚ್ ಡಬ್ಬಿಗೆ ನಾನು ಸುರಿದ ಎಣ್ಣೆ

ಅತ್ತಿಗೆ, ಆ ದಿನ ಜೀಪು ಹಿಂದಕ್ಕೆ ಉರುಳಿದ್ದು ನಿಮ್ಮ ಕಾಲಿನಿಂದಲ್ಲ, ನನ್ನ ಕೈಯಿಂದ. ಅದು ನನಗೆ ಮಾರನೇ ದಿನವೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಇಷ್ಟು ವರ್ಷ ನಿಮ್ಮನ್ನೇ ತಪ್ಪಿತಸ್ಥೆ ಮಾಡಿ ಕೂರಿಸಿದೆ.

ಇದನ್ನು ಬರೆಯುತ್ತಿರುವುದು ದುಃಖದಿಂದಲ್ಲ, ಸಿಟ್ಟಿನಿಂದ. ಮೊನ್ನೆ ನಿಮ್ಮ ಮಗಳು ಸುಮ ಬಂದು ಜೀಪು ಓಡಿಸುವುದನ್ನು ಕಲಿಸಿಕೊಡು ಚಿಕ್ಕಪ್ಪ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನಿಮ್ಮ ದನಿ ಬಂತು: "ಬ್ಯಾಡ ಕಣೇ. ನಮ್ ಕಾಲಿಗೆ ಕ್ಲಚ್ ಒಗ್ಗಲ್ಲ. ನಾನ್ ನೋಡೀನಲ್ಲ."

ನಾನು ಹೇಳಿದ ಸುಳ್ಳನ್ನು ನೀವು ನಂಬಿಬಿಟ್ಟಿದ್ದೀರಿ. ನಂಬಿದ್ದಷ್ಟೇ ಅಲ್ಲ, ಈಗ ಅದನ್ನು ಮಗಳಿಗೂ ಬಡಿಸುತ್ತಿದ್ದೀರಿ. ಆ ಕ್ಷಣ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಬಾರಿಸಿಕೊಳ್ಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ, ಎಂದಿನಂತೆ.

ಅಣ್ಣ ತೀರಿಕೊಂಡಾಗ ಮನೆಯಲ್ಲಿ ಉಳಿದ ಬದುಕಿನ ದಾರಿ ಎಂದರೆ ಅವನ ಜೀಪು ಒಂದೇ. ಅದನ್ನು ಮಾರೋಣ ಎಂದವನು ನಾನು, ಕಲಿಯುತ್ತೇನೆ ಎಂದವರು ನೀವು. ಕಲಿತಿರಿ, ಲೈಸೆನ್ಸ್ ಮಾಡಿಸಿದಿರಿ. ಹೊಂಗಡಹಳ್ಳದ ಕಡೆಯಿಂದ ಕಾಫಿ ಕೊಯ್ಯುವ ಹೆಂಗಸರನ್ನು ಹೆತ್ತೂರಿನ ಮೇಲಿನ ಎಸ್ಟೇಟಿಗೆ ಕರೆತರುವ ಕೆಲಸವೂ ನಿಮಗೇ ಸಿಕ್ಕಿತು. ಹೆಂಗಸರು ಖುಷಿಯಾಗಿದ್ದರು, ಎಲೆಯಡಿಕೆ ಉಗಿಯಲು ಕೂಡ ಗಾಡಿ ನಿಲ್ಲಿಸುತ್ತೀರಿ ಎಂದು ಹೊಗಳುತ್ತಿದ್ದರು. ನನ್ನ ಹೊಟ್ಟೆ ಮಾತ್ರ ಉರಿಯುತ್ತಿತ್ತು. ದೋಣಿಗಲ್ಲಿನ ಗ್ಯಾರೇಜಿನಲ್ಲಿ ಪಾನಾ ಹಿಡಿದು ಬಂದವನು ನಾನು. ಟೀ ಅಂಗಡಿಯಲ್ಲಿ ಅತ್ತಿಗೆ ಡ್ರೈವರ್ರು, ಮೈದುನ ಕ್ಲೀನರ್ರು ಎಂದು ನಗುತ್ತಿದ್ದರು. ನಕ್ಕವರ ಮೇಲೆ ಬರಬೇಕಾದ ಸಿಟ್ಟು ನಿಮ್ಮ ಮೇಲೆ ಬಂತು — ಇದೆಂಥ ನಾಯಿಬುದ್ಧಿ ಎಂದು ಈಗ ಕೇಳಿಕೊಳ್ಳುತ್ತೇನೆ.

ಆ ಮಳೆಗಾಲದಲ್ಲಿ ಗೇರು ಬಿಗಿಯಾಯಿತು. ಮೊದಲನೇ ಗೇರಿಗೆ ಹಾಕುವಾಗ ಕರ್ ಎನ್ನುತ್ತಿದೆ ಎಂದು ನೀವೇ ಹೇಳಿದಿರಿ. ಕ್ಲಚ್ ಪೈಪಿನಲ್ಲಿ ಗಾಳಿ ಸೇರಿದೆ, ಏರ್ ತೆಗೆದರೆ ಸರಿಹೋಗುತ್ತದೆ ಎಂದೆ. ಅದು ಸರಿಯೇ ಇತ್ತು. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿಗೆ ಜೀಪು ತಂದು ನಿಲ್ಲಿಸಿದೆವು. ನೀವು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯುವುದು. ನಾನು ಕೆಳಗೆ ಮಲಗಿ ಕ್ಲಚ್ ಪೈಪಿನ ತುದಿಯ ನಿಪ್ಪಲ್ ಸಡಿಲಿಸಿ, ಗಾಳಿ ಎಣ್ಣೆ ಎರಡೂ ಬಂದ ಮೇಲೆ ಬಿಗಿಮಾಡುವುದು. ಆಮೇಲೆ ನೀವು ಕಾಲು ಬಿಡುವುದು. ಒಂದು ಸಲವೂ ನೀವು ಮೊದಲೇ ಕಾಲು ಎತ್ತಲಿಲ್ಲ. ಗ್ಯಾರೇಜಿನಲ್ಲಿ ನನ್ನ ಜೊತೆ ಇದ್ದವರಿಗೂ ಅಷ್ಟು ತಾಳ್ಮೆ ಇರಲಿಲ್ಲ.

ಅರ್ಧದಲ್ಲಿ ಬ್ರೇಕ್ ಆಯಿಲ್ ಮುಗಿಯಿತು. ಕ್ಲಚ್ಚಿಗೂ ಅದೇ ಬೇಕು. ತರಬೇಕೆಂದರೆ ಸಕಲೇಶಪುರಕ್ಕೆ ಹೋಗಬೇಕು, ಹೊರಗೆ ಧೋ ಎಂದು ಮಳೆ. ಸ್ಟೋರಿನ ಗೂಡಿನಲ್ಲಿ ನೀರಿನ ಬಾಟಲಿಗಳಲ್ಲಿ ಬಗೆಬಗೆಯ ಎಣ್ಣೆ ತುಂಬಿಟ್ಟಿರುತ್ತಾರಲ್ಲ, ಅದರಲ್ಲೊಂದನ್ನು ಎತ್ತಿಕೊಂಡೆ. ಪಲ್ಪರ್ ಮಿಷನ್ನಿಗೆ ಬಿಡುವ ಎಣ್ಣೆ. ಈ ಎಣ್ಣೆ ತಾಗಿದರೆ ಕ್ಲಚ್ಚಿನ ರಬ್ಬರ್ ಕೆಡುತ್ತದೆ ಎಂದು ಗ್ಯಾರೇಜಿನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ಗೊತ್ತಿತ್ತು. ಒಂದು ಲೋಟದಷ್ಟು ಹಾಕಿದರೆ ಏನಾಗುತ್ತದೆ ಎಂಬ ಕೊಬ್ಬು. ಕ್ಲಚ್ಚಿನ ಎಣ್ಣೆ ಡಬ್ಬಿಗೆ ಸುರಿಯುವಾಗ ನೀವು ಬಗ್ಗಿ ನೋಡಿದಿರಿ.

"ಮಂಜ, ಇದು ಅದೇ ಎಣ್ಣೇನಾ? ಬಣ್ಣ ಬ್ಯಾರೆ ಐತಲ್ಲೋ."

"ನಿಮಗೇನ್ ಗೊತ್ತಾಯ್ತದೆ ಅತ್ಗೆ? ಸುಮ್ಕೆ ಪೆಡಲ್ ತುಳೀರಿ," ಎಂದೆ.

ನೀವು ತುಳಿದಿರಿ.

ಒಂದು ವಾರ ಗೇರು ಬೆಣ್ಣೆಯಂತೆ ಬಿತ್ತು. ನೀವು ಊರೆಲ್ಲ ಹೇಳಿಕೊಂಡು ಬಂದಿರಿ, ನಮ್ಮ ಮಂಜನ ಕೈಗುಣ ಎಂದು. ಆಮೇಲೆ ಎಸ್ಟೇಟಿನ ಏರಿನಲ್ಲಿ, ಹಿಂದೆ ಹೆಂಗಸರು ತುಂಬಿರುವಾಗ, ಎಂಜಿನ್ ಅರಚುತ್ತಿದ್ದರೂ ಜೀಪು ಮೇಲೆ ಹತ್ತದೆ ಹಿಂದಕ್ಕೆ ಸರಿಯಿತು. ಬ್ರೇಕಿನ ಡಬ್ಬಿ ಬೇರೆಯಾಗಿದ್ದರಿಂದ ಬ್ರೇಕ್ ಉಳಿದಿತ್ತು. ಆದರೆ ಕೆಸರಿನಲ್ಲಿ ಚಕ್ರ ನಿಲ್ಲಲಿಲ್ಲ. ಒಂದು ಕಡೆ ಕಣಿವೆ. ನೀವು ಸ್ಟೇರಿಂಗ್ ತಿರುಗಿಸಿ ಗಾಡಿಯ ಹಿಂಭಾಗವನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದಿರಿ. ಹಿಂದೆ ಕೂತಿದ್ದ ಹೆಂಗಸರಲ್ಲಿ ಪುಟ್ಟಮ್ಮನ ಮುಂಗೈ ಮುರಿಯಿತು. ಉಳಿದವರೆಲ್ಲ ಗಾಯವಿಲ್ಲದೆ ನಡೆದು ಮನೆಗೆ ಹೋದರು — ನಿಮ್ಮಿಂದಾಗಿ. ಇದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು ಬರುವಷ್ಟರಲ್ಲಿ ಆಳುಗಳನ್ನು ನೋಡಿಕೊಳ್ಳುವ ರೈಟರ್ ಅಲ್ಲಿದ್ದ. ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಏನಾಯ್ತು ಎಂದು ಅವನು ಕೇಳಿದ್ದು ನಿಮ್ಮನ್ನಲ್ಲ, ನನ್ನನ್ನು. ನಾನು ಎಲ್ಲರ ಮುಂದೆ ಹೇಳಿದೆ: "ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಓಡಿಸ್ತಾರೆ ಸಾ. ಹೆಂಗಸ್ರು ಎಲ್ಲಾ ಹಿಂಗೇಯ."

ಒಬ್ಬನಾದರೂ ಬಾನೆಟ್ ಎತ್ತಿ ನೋಡಲಿಲ್ಲ. ಅಲ್ಲಿದ್ದ ಗಂಡಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು, ಆ ಮಾತಿಗೇ ಕಾದಿದ್ದವರ ಹಾಗೆ. ಅವರ ಮೇಲೂ ನನಗೆ ಈಗ ಸಿಟ್ಟಿದೆ. ಆದರೆ ಮಾತು ನನ್ನದು.

ಮಾರನೇ ದಿನ ಒಬ್ಬನೇ ಕ್ಲಚ್ಚಿನ ಎಣ್ಣೆ ಡಬ್ಬಿಯ ಕೆಳಗಿನ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಅದರಿಂದ ಎಣ್ಣೆ ವಾಪಸು ಬರುವ ದಾರಿ ಕಟ್ಟಿ, ನೀವು ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿಕೊಂಡೇ ಉಳಿದು, ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ನಿಮ್ಮ ಕಾಲಿನ ಮೇಲೆ ನಾನು ಹೊರಿಸಿದ್ದನ್ನು ಮಾಡಿದ್ದು ನನ್ನ ಎಣ್ಣೆ. ಆ ರಬ್ಬರನ್ನು ಕಾಫಿ ಗಿಡಗಳ ನಡುವೆ ಎಸೆದು ಹೊಸದು ಹಾಕಿದೆ. ಹೆಂಗಸರನ್ನು ಕರೆತರುವ ನಿಮ್ಮ ಕೆಲಸವನ್ನು ರೈಟರ್ ನನಗೆ ಕೊಟ್ಟ. ನಾನು ಬೇಡ ಎನ್ನಲಿಲ್ಲ. ಪುಟ್ಟಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದವರು ನೀವು, ಅತ್ತಿಗೆ. ನಾನು ಜಗಲಿಯಲ್ಲಿ ನಿಂತಿದ್ದೆ.

ಅಂದಿನಿಂದ ನೀವೂ ಕಾಫಿ ಕೊಯ್ಯಲು ನಿಮ್ಮ ಗಂಡನ ಜೀಪಿನ ಹಿಂದಿನ ಸೀಟಿನಲ್ಲಿ ಉಳಿದ ಹೆಂಗಸರ ಜೊತೆ ಕೂತು ಬರುತ್ತೀರಿ, ನಾನು ಮುಂದೆ ಕೂತು ಓಡಿಸುತ್ತೇನೆ. ಒಂದು ವಿಷಯ ನಿಮಗೆ ತಿಳಿದಿದೆಯೋ ಇಲ್ಲವೋ — ಏರು ಬಂದು ನಾನು ಗೇರು ಬದಲಿಸುವಾಗಲೆಲ್ಲ ನಿಮ್ಮ ಎಡಗಾಲು ನೆಲವನ್ನು ಒತ್ತುತ್ತದೆ. ಪಕ್ಕದವರು ಅದನ್ನು ನೋಡಿ ತಮಾಷೆ ಮಾಡುತ್ತಾರೆ. ಕನ್ನಡಿಯಲ್ಲಿ ನಾನೂ ನೋಡಿದ್ದೇನೆ. ಸರಿಯಾದ ಹೊತ್ತಿಗೇ ಒತ್ತುತ್ತೀರಿ, ಎಷ್ಟೋ ಸಲ ನನಗಿಂತ ಮೊದಲು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನಾಳೆ ಬೆಳಿಗ್ಗೆ ಈ ಕಾಗದ ನಿಮ್ಮ ಕೈಗೆ ಕೊಟ್ಟು ಜೀಪು ಹೊರಡಿಸುತ್ತೇನೆ. ಎಸ್ಟೇಟಿನ ಕಣದಲ್ಲಿ ಹೆಂಗಸರೆಲ್ಲ ಇಳಿದ ಮೇಲೆ ರೈಟರ್ ಮುಂದೆ, ಪುಟ್ಟಮ್ಮನ ಮುಂದೆ, ಅಂದು ಸುಳ್ಳು ಹೇಳಿದಷ್ಟೇ ಜೋರಾಗಿ ನಿಜ ಹೇಳುತ್ತೇನೆ. ಅದಾದ ಮೇಲೆ ಆ ಸೀಟಿನಲ್ಲಿ ನಾನು ಕೂರುವುದಿಲ್ಲ. ನೀವು ಕೂರುತ್ತೀರೋ, ಸುಮಳನ್ನು ಕೂರಿಸುತ್ತೀರೋ, ಜೀಪಿಗೇ ಬೆಂಕಿ ಇಡುತ್ತೀರೋ, ನಿಮ್ಮಿಷ್ಟ.

ಪಲ್ಪರ್ ಶೆಡ್ಡಿನಲ್ಲಿ ನೀವು ಒಂದು ಮಾತು ಕೇಳಿದ್ದಿರಿ. ಅದಕ್ಕೆ ಇವತ್ತಿಗೂ ನಾನು ಉತ್ತರ ಕೊಟ್ಟಿಲ್ಲ.

ಅಲ್ಲ ಅತ್ತಿಗೆ. ಅದು ಅದೇ ಎಣ್ಣೆ ಅಲ್ಲ.