ತಂಗಿಗೆ ನಾನು ಕೊಟ್ಟ ಕೆಂಪು ಬೇರು

ಹಲ್ಲುಜ್ಜುವಾಗ ರಕ್ತ ಬಂತು ಎಂದು ಗಿರಿಜಾ ಫೋನ್ ಮಾಡಿದಾಗ ನಾನು ಒಂಬತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. "ಬ್ರಷ್ ಬಿರುಸಿರಬೇಕು, ಬ್ಯಾರೆ ತಗೋ" ಅಂದೆ. ನಾಲ್ಕು ದಿನ ಬಿಟ್ಟು ಅವಳ ಮೊಣಕೈ ಮೇಲೆ ನೀಲಿ ಕಲೆ. ಎಲ್ಲಿಯೂ ಬಿದ್ದಿರಲಿಲ್ಲ, ತಾಗಿಸಿಕೊಂಡಿರಲಿಲ್ಲ.

ನನಗೆ ಆಗಲೇ ತಿಳಿಯಬೇಕಿತ್ತು.

ಗಿರಿಜಾ ನನ್ನ ತಂಗಿ. ಸಂಸಾರ ಸಿರುಗುಪ್ಪದಲ್ಲಿ. ಗಂಡ ಬಸವರಾಜ ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾನೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಹೃದಯದ ಕವಾಟ ಕೆಡಿಸಿತ್ತು. ಮೂರು ವರ್ಷದ ಹಿಂದೆ ಆಪರೇಷನ್ ಮಾಡಿ ಲೋಹದ ವಾಲ್ವ್ ಹಾಕಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ವಾರ್ಫರಿನ್ ಗುಳಿಗೆ, ತಿಂಗಳಿಗೊಮ್ಮೆ ಬಳ್ಳಾರಿಯಲ್ಲಿ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ರಕ್ತ ಗಟ್ಟಿಯಾದರೂ ಕಷ್ಟ, ತೀರ ತೆಳುವಾದರೂ ಕಷ್ಟ. ಇಷ್ಟೆಲ್ಲ ಮಾಡಿಯೂ ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿಗೆ ನಿದ್ದೆಯಿಲ್ಲ.

"ಎಷ್ಟಂತ ಗುಳಿಗಿ ನುಂಗ್ಲಿ ಅಕ್ಕಾ, ಸಾಕಾಗೇತಿ" ಅನ್ನುತ್ತಿದ್ದಳು.

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಯಾರೋ ಹೇಳಿದ್ದನ್ನು ಹಾಗೆಯೇ ನಂಬುವವಳಲ್ಲ ಎಂಬ ಜಂಬ ನನಗಿತ್ತು. ಡ್ಯಾನ್‌ಶೆನ್ ಎಂಬ ಚೀನಾದ ಬೇರಿನ ವಿಡಿಯೊ ನೋಡಿದ ಮೇಲೆ ವಾರಗಟ್ಟಲೆ ಓದಿದೆ. ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಗಿಡ. ನೇರಳೆ ಹೂವು, ಇಟ್ಟಿಗೆ ಬಣ್ಣದ ಬೇರು, ಕಹಿ ರುಚಿ. ನಿಂತ ರಕ್ತವನ್ನು ಹರಿಸುತ್ತದೆ ಎಂದು ಅಲ್ಲಿಯ ವೈದ್ಯರು ತಲೆತಲಾಂತರದಿಂದ ಎದೆನೋವಿಗೆ, ಮುಟ್ಟಿನ ನೋವಿಗೆ, ನಿದ್ದೆ ಬಾರದವರಿಗೆ ಅದನ್ನು ಕೊಡುತ್ತಾರಂತೆ. ನನ್ನ ತಂಗಿಗೆಂದೇ ಹುಟ್ಟಿದ ಗಿಡ ಅನ್ನಿಸಿತು. ಆನ್‌ಲೈನಿನಲ್ಲಿ ಒಣಗಿದ ಚೂರುಗಳನ್ನು ತರಿಸಿದೆ. ಸಿರುಗುಪ್ಪಕ್ಕೆ ಹೋಗಿ ಕುದಿಸುವುದನ್ನು ತೋರಿಸಿಕೊಟ್ಟೆ.

"ಡಾಕ್ಟರಿಗೆ ಹೇಳ್ಬೇಕೇನಕ್ಕಾ?"

"ಬೇರಿನ ಕಷಾಯಕ್ಕ ಡಾಕ್ಟರ್ ಯಾಕವ್ವಾ?"

ಮೊದಲ ಎರಡು ವಾರ ಚೆನ್ನಾಗಿ ನಿದ್ದೆ ಮಾಡಿದಳು. ಇಬ್ಬರಿಗೂ ಖುಷಿ. ಮನೆಯಲ್ಲಿ ಮದುವೆಯ ಓಡಾಟವಿದ್ದುದರಿಂದ ಆ ತಿಂಗಳ ಪರೀಕ್ಷೆಗೆ ಅವಳು ಹೋಗಲಿಲ್ಲ. ಹಲ್ಲಿನ ರಕ್ತ, ಮೊಣಕೈಯ ಕಲೆ ಬಂದದ್ದು ಆಮೇಲೆಯೇ.

ಒಂದು ಬೆಳಿಗ್ಗೆ, ಶಾಲೆಯ ಪ್ರಾರ್ಥನೆ ಮುಗಿದಿತ್ತಷ್ಟೆ, ಬಸವರಾಜನ ಫೋನ್. "ಅಕ್ಕಾರ, ರೊಟ್ಟಿ ಮಾಡಾಕ ಕುಂತಾಕಿ ತೆಲಿ ನೋವಂದ್ಲು. ಈಗ ಮಾತು ತೊದಲಾಕತ್ತೈತಿ."

ಬಳ್ಳಾರಿಯ ಆಸ್ಪತ್ರೆಗೆ, ಸಿರುಗುಪ್ಪದಿಂದ ಬರುವ ಆಂಬುಲೆನ್ಸಿಗಿಂತ ನಾನೇ ಮೊದಲು ತಲುಪಿದೆ. ಸಿಟಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವ. ಮೂರರ ಆಸುಪಾಸಿನಲ್ಲಿರಬೇಕಾದ ಐಎನ್‌ಆರ್ ಒಂಬತ್ತು ದಾಟಿತ್ತು. ಡಾಕ್ಟರಮ್ಮ ಹೊರಗೆ ಬಂದು ಕೇಳಿದರು: "ಬ್ಯಾರೆ ಏನರ ಔಷಧಿ, ಕಷಾಯ ಕೊಟ್ಟೀರೇನು?"

ಬಸವರಾಜ ನನ್ನ ಮುಖ ನೋಡಿದ.

"ಇಲ್ರಿ" ಅಂದೆ.

ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು, ಪ್ಲಾಸ್ಮಾ ಏರಿಸಿದರು. ಐಸಿಯು ಬಾಗಿಲ ಮುಂದೆ ಒಂದು ತಾಸು ಕೂತೆ. ಆಮೇಲೆ ಕೂರಲಾಗಲಿಲ್ಲ. ಡಾಕ್ಟರಮ್ಮನ ಕೋಣೆಗೆ ಹೋಗಿ ಬೇರಿನ ಕಷಾಯದ ವಿಷಯ ಹೇಳಿದೆ. ಅವರು ಬೈಯಲಿಲ್ಲ.

"ಆ ಬೇರು ವಿಷ ಅಲ್ರಿ. ಅದಕ್ಕ ಗುಣ ಐತಿ, ಹಂಗಾಗಿನ ಹಿಂಗಾತು. ವಾರ್ಫರಿನ್ ಮೈಯಾಗ ಕರಗಿ ಹೋಗದಂಗ ಅದು ತಡೀತೈತಿ. ಆಕಿ ನುಂಗಿದ ಒಂದು ಗುಳಿಗಿ, ಎರಡು ಮೂರು ನುಂಗಿದಂಗಾತು."

"ಬಂದ ಕೂಡ್ಲೆ ಹೇಳಿದ್ರ?"

"ಆಗ್ಲೂ ಟ್ರೀಟ್‌ಮೆಂಟ್ ಇದೇ ಇರ್ತಿತ್ತು. ತಿಂಗಳ ಹಿಂದ ಹೇಳಿದ್ರ..." ಅಲ್ಲಿಗೇ ನಿಲ್ಲಿಸಿದರು.

ಅವರಿಗೂ ಹೇಳದ ಒಂದು ಮಾತಿದೆ. ಬೇರಿನ ಗುಣಗಳ ಪಟ್ಟಿಯ ಕೆಳಗೇ ಎಚ್ಚರಿಕೆಯೂ ಇತ್ತು: ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಇದನ್ನು ಮುಟ್ಟಬಾರದು.

ಅದನ್ನೂ ನಾನು ಓದಿದ್ದೆ.

ಎಲ್ಲ ಔಷಧಿಗೂ ಹೀಗೆ ಬರೆದಿರುತ್ತಾರೆ ಎಂದುಕೊಂಡಿದ್ದೆ. ಅಕ್ಕರೆ ಇದ್ದವರು ಬೇಕಾದದ್ದನ್ನಷ್ಟೇ ಓದುತ್ತಾರೋ ಏನೋ. ಅಥವಾ ಇದೂ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುವ ಮಾತೇ ಇರಬಹುದು.

ಬಸವರಾಜನಿಗೆ ಇದನ್ನೂ ಹೇಳಿದೆ. "ನನಗಿಂತ ನಿಮ್ಮನ್ನ ಹೆಚ್ಚು ನಂಬಿದ್ಲು ಅಕ್ಕಾರ" ಅಂದ. ಅಷ್ಟೇ.

ಗಿರಿಜಾ ಬದುಕಿದಳು. ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಅವಳಿಗೆ ಮಾತ್ರ ಮಾತು ಸಿಗುವುದಿಲ್ಲ. ಡಿಸ್‌ಚಾರ್ಜ್ ಆಗಿ ಮನೆಗೆ ಬಂದ ವಾರ ಅವಳ ಪಕ್ಕ ಕೂತು, ಎಚ್ಚರಿಕೆ ಓದಿದ್ದೂ ಸೇರಿದಂತೆ ಎಲ್ಲ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿದಳು. ಮುಂದೆ ಎರಡು ತಿಂಗಳು ನನ್ನ ಕೈಯಿಂದ ಒಂದು ಲೋಟ ನೀರೂ ಇಸಿದುಕೊಳ್ಳಲಿಲ್ಲ. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಬಟ್ಟೆ ಒಗೆದು, ಪಾತ್ರೆ ತೊಳೆದು ಬರುತ್ತಿದ್ದೆ. ಬೇಡ ಎನ್ನಲು ಅವಳಿಗೆ ಮಾತಿರಲಿಲ್ಲ. ಅದೂ ನನ್ನನ್ನು ಸುಡುತ್ತಿತ್ತು.

ಹೋದ ಭಾನುವಾರ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ತುಟಿ ಅಲುಗಿತು, ನಿಂತಿತು. ಹಣೆಯಲ್ಲಿ ಬೆವರು.

"ಕುಂ... ಕುಂದ್ರು."

ಕೂತೆ. ಇದನ್ನು ಕ್ಷಮೆ ಎಂದು ಕರೆಯುವ ಧೈರ್ಯ ನನಗಿಲ್ಲ. ಗಿರಣಿಯ ಅಕ್ಕಿ, ಕಲ್ಲು ಹೆಚ್ಚೇನೂ ಇರಲಿಲ್ಲ. ಆದರೂ ಮಧ್ಯಾಹ್ನದವರೆಗೆ ಇಬ್ಬರೂ ಒಂದೇ ಮೊರದಲ್ಲಿ ಹುಡುಕುತ್ತ ಕೂತಿದ್ದೆವು.