ಮುಳುಗಿದ ಹಡಗಿನವಳು ಮತ್ತು ನಾನು

ಸತ್ತು ನೂರು ವರ್ಷ ದಾಟಿದ ಒಬ್ಬ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಅವಳು ಉಗಿಹಡಗೊಂದರಲ್ಲಿ ಪ್ರಯಾಣಿಕರ ಸೇವೆಗೆ ಇದ್ದವಳು. ಕಳೆದ ಶತಮಾನದ ಆರಂಭದಲ್ಲಿ ಆ ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾಯಿಗೆ ಬರುವಾಗ ಮಂಜಿನಲ್ಲಿ ದಾರಿ ತಪ್ಪಿ, ಬಂಡೆಗೆ ಬಡಿದು ಮುಳುಗಿತು. ಜೊತೆಗೆ ಅವಳೂ ಹೋದಳು. ಹೋದವಳು ಸುಮ್ಮನೆ ಹೋಗಬಾರದೇ, ಲಿವರ್‌ಮೋರಿನ ನಮ್ಮ ಮನೆಗೆ ಬಂದು ಕೂತಿದ್ದಾಳೆ.

ಕರೆತಂದವರು ನಮ್ಮ ಮನೆಯವರು. ಇವರು ಹುಬ್ಬಳ್ಳಿಯವರು, ಉಣಕಲ್ ಕೆರೆಯನ್ನೇ ಸಮುದ್ರ ಎಂದುಕೊಂಡು ಬೆಳೆದವರು. ಮದುವೆಯಾಗಿ ಮೊದಲ ಸಲ ಅಂಕೋಲೆಯ ನನ್ನ ತವರಿಗೆ ಬಂದಾಗ ಮೊಣಕಾಲು ಮಟ್ಟದ ನೀರಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು ನಿಂತಿದ್ದರು. ಅಂಥವರು ಈಗ ಮುಳುಗಿದ ಹಡಗುಗಳ ಪಂಡಿತರು. ಶನಿವಾರ ಬೆಳಗಾದರೆ ಫ್ರೀವೇ ಹಿಡಿದು, ಓಕ್ಲ್ಯಾಂಡ್ ದಾಟಿ, ಸೇತುವೆ ದಾಟಿ, ಸಮುದ್ರದ ಅಂಚು ಸೇರುತ್ತಾರೆ. ಅಲ್ಲಿ ಇವರಂಥವರದೇ ಒಂದು ಗುಂಪು. ಯಾವ ಹಡಗು ಎಲ್ಲಿ ಒಡೆಯಿತು, ನೀರು ಇಳಿದಾಗ ಯಾವುದರ ಅವಶೇಷ ಮರಳಿನಿಂದ ಮೇಲೇಳುತ್ತದೆ ಎಂದು ನೋಡುತ್ತ ಅಲೆಯುತ್ತಾರೆ. ಸಂಜೆ ಮನೆಗೆ ಬಂದು ನನಗೆ ಪಾಠ.

"ನೀರು ಇಳೀಲಿಕ್ಕೆ ಹತ್ತಿದಾಗ ಒಳಗ ಬರೂ ಹಡಗಿಗೆ ಭಾಳ ತ್ರಾಸು. ನಿನಗ ಅದೆಲ್ಲಾ ತಿಳಿಯಂಗಿಲ್ಲ."

ನನಗೆ ತಿಳಿಯುವುದಿಲ್ಲವಂತೆ. ನನ್ನ ಅಜ್ಜಿಯ ಅಪ್ಪ ತಾಂಡೇಲ. ಹಾಯಿಹಡಗು ನಡೆಸುವ ಮುಖ್ಯಸ್ಥನಿಗೆ ನಮ್ಮ ಕರಾವಳಿಯಲ್ಲಿ ಹಾಗೆನ್ನುತ್ತಾರೆ. ಹೆಚ್ಚುಕಡಿಮೆ ಆ ಉಗಿಹಡಗು ಮುಳುಗಿದ ಕಾಲದಲ್ಲೇ ಮುತ್ತಜ್ಜನ ಹಾಯಿಮಚವೆ ಮಂಗಳೂರು ಹಂಚು ತುಂಬಿಕೊಂಡು ಮುಂಬಯಿಗೆ ಹೊರಟಿತು. ಮುಂಬಯಿ ಮುಟ್ಟಲಿಲ್ಲ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಯಾರೂ ಗುಂಪು ಕಟ್ಟಿಕೊಂಡು ಅದನ್ನು ಹುಡುಕಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಇದನ್ನು ಇವರಿಗೆ ಹೇಳಿದ್ದೆ. "ಪಾಪ" ಎಂದಿದ್ದರು. ಅವನ ಪಾಲಿಗೆ ಬಂದದ್ದು ಅದೊಂದೇ ಮಾತು.

ಅವಳ ಪಾಲಿಗೆ ಬಂದದ್ದನ್ನು ನೋಡಿ. ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಇವರು ಕೆಲಸ ಮಾಡುವ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಟೋಪಿ ಹಾಕಿಕೊಂಡು, ಸ್ವಲ್ಪ ಓರೆಯಾಗಿ ನೋಡುತ್ತಾಳೆ. ಚೆಂದವೇ ಇದ್ದಾಳೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಊಟಕ್ಕೆ ಯಾರೇ ಬರಲಿ, ಅವಳ ಕಥೆ ಹೇಳದೆ ಇವರು ಕೈ ತೊಳೆಯುವುದಿಲ್ಲ. ನೀರು ನುಗ್ಗುತ್ತಿದ್ದರೂ ಮಕ್ಕಳಿಗೆ ಲೈಫ್ ಜಾಕೆಟ್ ಕಟ್ಟುತ್ತ ಕೆಳಗೇ ಉಳಿದಳಂತೆ. ಅಲ್ಲಿಗೆ ಬಂದಾಗ ಪ್ರತಿ ಸಲವೂ ಇವರ ದನಿ ನಡುಗುತ್ತದೆ. ನನಗೆ ಗಾಲ್‌ಬ್ಲ್ಯಾಡರ್ ಆಪರೇಷನ್ ಆದಾಗ ಆಸ್ಪತ್ರೆಯ ಪಾರ್ಕಿಂಗು ದುಬಾರಿ ಎಂದು ಗೊಣಗಿದ್ದು ಇದೇ ದನಿ.

ಅವಳ ದೇಹ ಕೆಲವು ವಾರಗಳ ಮೇಲೆ ದಡಕ್ಕೆ ಬಂತಂತೆ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಇರುವ ದೊಡ್ಡ ಸ್ಮಶಾನದಲ್ಲಿ ಅವಳದೊಂದು ಕಲ್ಲು ಇದೆ. ಅದರ ಮೇಲೆ ಹೆಸರಿದೆ. ಇವರು ಗ್ರೋಸರಿಗೆ ಹೋದವರು ಹಳದಿ ಹೂವಿನ ಕಟ್ಟು ತಂದದ್ದನ್ನು ಒಮ್ಮೆ ನೋಡಿ ನನ್ನ ಮುಖ ಅರಳಿತ್ತು. ಹೂವು ಮರುದಿನ ಕಾರು ಹತ್ತಿ ಆ ಕಲ್ಲಿನ ಹತ್ತಿರ ಹೋಯಿತು. ಅಂದು ನಾನು ಮಗಳ ಮುಂದೆ ಎಲ್ಲವನ್ನೂ ಕಕ್ಕಿಕೊಂಡೆ. ಅವಳು ಫೋನಿನಿಂದ ತಲೆ ಎತ್ತಿ, "ಅಮ್ಮಾ, ಶಿ ಈಸ್ ಡೆಡ್" ಎಂದಳು. ಈ ಸಮಾಧಾನ ನನಗೆ ಬೇಕಾಗಿರಲಿಲ್ಲ. ಸತ್ತವಳ ಮುಂದೆ ಜಗಳ ಕಾಯ್ದು ಗೆಲ್ಲುವುದಾದರೂ ಹೇಗೆ?

ಕಳೆದ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಇವರು ಹಿತ್ತಲಿನಲ್ಲಿ ಕೂತು ಹಿರಿಯರಿಗೆ ತರ್ಪಣ ಕೊಟ್ಟರು. ಇಲ್ಲಿನ ದೇವಸ್ಥಾನದಲ್ಲಿ ಅಂದು ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಅದಕ್ಕೆ ಮನೆಯಲ್ಲೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರ ಅಪ್ಪ, ಅಜ್ಜ, ತಾಯಿಯ ಕಡೆಯವರು, ನನ್ನ ಅಪ್ಪ, ಎಲ್ಲರಿಗೂ ಎಳ್ಳುನೀರು ಬಿಟ್ಟಾಯಿತು. ಕೊನೆಗೆ ಹಿಂದೆಮುಂದೆ ಯಾರೂ ಇಲ್ಲದವರಿಗೆ ಎಂದು ಒಂದು ಬೊಗಸೆ ಬಿಡುತ್ತಾರೆ. ಆಗ ಇವರ ಬಾಯಿಂದ ಅವಳ ಹೆಸರು ಬಂತು.

"ಯಾರ ಹೆಸರು ತಗಂಡ್ರಿ?"

"ಆಕಿಗೆ ಮಕ್ಕಳು ಮರಿ ಇರಲಿಲ್ಲ, ಪಾಪ. ಒಂದು ಬೊಗಸಿ ನೀರು, ಏನಾತು ಈಗ?"

ಮೈಯೆಲ್ಲ ಉರಿದುಹೋಯಿತು. ಫೋಟೋ ಸಹಿಸಿದ್ದೆ, ಹೂವು ಸಹಿಸಿದ್ದೆ. ಇದು ನನ್ನ ಮುತ್ತಜ್ಜನಿಗೆ ಸಲ್ಲಬೇಕಾದದ್ದು.

"ನನ್ನ ಮುತ್ತಜ್ಜನೂ ನೀರಲ್ಲೇ ಹೋದ್ದು. ಅವನಿಗೆ ಒಂದು ಬೊಗಸೆ ಬಿಡೂಕೆ ಇಷ್ಟು ವರ್ಷದಲ್ಲಿ ನಿಮ್ಗೆ ಒಂದ್ಸಲನೂ ನೆನಪಾಗ್ಲಿಲ್ಲ. ಅವಳು ಯಾರ್ರೀ ನಿಮ್ಗೆ?"

ಇವರು ದರ್ಭೆಯನ್ನು ಬೆರಳಿನಿಂದ ತೆಗೆಯದೆ ನನ್ನತ್ತ ನೋಡಿದರು. ಸಿಟ್ಟಾಗಲಿಲ್ಲ.

"ನೆನಪ ಇಲ್ಲದೇನು? ಮದುವಿ ಆದ ವರ್ಷನ ನಿಮ್ಮಜ್ಜೀನ್ನ ಕೇಳಿದ್ದೆ. ಬ್ಯಾಡ ಅಂದ್ರು. ಅವ್ರವ್ವ ಸಾಯೂತನಕ ಯಾರಿಗೂ ಬಿಡಗೊಡಲಿಲ್ಲಂತ. ಮನಿಯವ್ರು ಬಿಡದ ಎಳ್ಳುನೀರು ಅಳಿಯಾ ಆದಾಂವ ನಾ ಹೆಂಗ ಬಿಡ್ಲಿ?"

ಕೇಳಿದ್ದರಂತೆ. ನನಗೇ ಗೊತ್ತಿರಲಿಲ್ಲ.

ಮುತ್ತಜ್ಜಿಯನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಹಲ್ಲೆಲ್ಲ ಬಿದ್ದುಹೋದ ಮುದುಕಿ, ಹಣೆಯ ತುಂಬ ಕುಂಕುಮ, ಮೊಣಕೈವರೆಗೆ ಹಸಿರು ಬಳೆ. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯಬೇಕೋ ಬೇಡವೋ ಎಂದು ಕೇರಿಯ ಹೆಂಗಸರು ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು. ಅವಳು ಕರೆಯದಿದ್ದರೂ ಹೋಗಿ ಮೊದಲ ಮಣೆಯಲ್ಲಿ ಕೂರುತ್ತಿದ್ದಳು. ಭಟ್ಟರು ಒಮ್ಮೆ ಧೈರ್ಯ ಮಾಡಿ ಗಂಡನ ಶ್ರಾದ್ಧದ ಮಾತೆತ್ತಿದರಂತೆ. "ಸತ್ತವರಿಗೆ ಎಳ್ಳುನೀರು ಬಿಡುದು, ಭಟ್ಟರೇ. ತಡ ಆದವರಿಗೆ ಅನ್ನ ಮುಚ್ಚಿಡುದು" ಎಂದು ಹೇಳಿ ಅವರನ್ನು ಕಳಿಸಿದಳಂತೆ. ಅವಳಿಗೆ ದೇಹ ಬರಲಿಲ್ಲ, ಹಲಗೆಯ ಒಂದು ಚೂರೂ ಬರಲಿಲ್ಲ. ಹೋದ ಎಂದು ಬಂದು ಹೇಳಿದವರೂ ಇಲ್ಲ.

"ಈಗ ಅವ್ರ್ಯಾರೂ ಉಳದಿಲ್ಲ. ಹೇಳೂದಿದ್ರ ನೀನ ಹೇಳಬೇಕು" ಎಂದರು ಇವರು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಳ್ಳು ಇನ್ನೂ ಅದಾವ. ಹೂಂ ಅನ್ನು, ಬಿಡ್ತೀನಿ."

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿದರೆ ಅವನಿಗೆ ಈಗ ನೂರಾನಲವತ್ತರ ಮೇಲೆ ವಯಸ್ಸು. ಬದುಕಿದ್ದಾನೆ ಎಂದು ನಂಬುವಷ್ಟು ಹುಚ್ಚಿ ನಾನಲ್ಲ. ಇವರು ಬೊಗಸೆಯಲ್ಲಿ ನೀರು ತುಂಬಿ, ಎಳ್ಳು ಹಾಕಿ, ಬೆರಳುಗಳ ಸಂದಿಯಿಂದ ಸೋರದಂತೆ ಹಿಡಿದು ಕಾದರು. ಇಷ್ಟು ವರ್ಷ ಯಾರೂ ಸಾಯಿಸದೆ ಇಟ್ಟವನನ್ನು ಲಿವರ್‌ಮೋರಿನ ಹಿತ್ತಲಿನಲ್ಲಿ, ನೈಟಿ ಹಾಕಿಕೊಂಡು ನಿಂತು, ಒಂದು ಹೂಂ ಎಂದು ನಾನು ಸಾಯಿಸಬೇಕಿತ್ತು.

"ಬೇಡ" ಎಂದೆ.

ಇವರು ನೀರನ್ನು ಮತ್ತೆ ಪಾತ್ರೆಗೆ ಹಾಕಿದರು. ನಾನು ಅಳುತ್ತ ಒಳಗೆ ಹೋದೆ. ಮೇಜಿನ ಮೇಲೆ ಅವಳು ಟೋಪಿ ಹಾಕಿಕೊಂಡು ಕೂತಿದ್ದಳು. ಆಗಲೂ ನನಗೆ ಹೊಟ್ಟೆ ಉರಿಯಿತು, ಮುಂಚಿಗಿಂತ ಹೆಚ್ಚಾಗಿ. ಅವಳು ಸತ್ತಿದ್ದಾಳೆ ಎಂದು ಒಪ್ಪಿಕೊಳ್ಳಲು ಯಾರಿಗೂ ಕಷ್ಟವಾಗಲಿಲ್ಲ.